6 ಸಾವಿರ ಮೀಟರ್ ಹಿಮಶಿಖರ ಏರುವ ಆಸೆಯೇ? ಪುಣೆಯಿಂದ ಹೊರಡುವ ಮುನ್ನ ಈ ಸಂಗತಿಗಳು ತಿಳಿದಿರಲಿ

ಪುಣೆ: ವಾರಾಂತ್ಯ ಬಂದರೆ ಸಿಂಹಗಡ, ರಾಜಗಡ, ತೋರಣ ಎಂದು ಬೆಟ್ಟ ಹತ್ತುವವರಿಗೆ ಪುಣೆಯಲ್ಲಿ ಕೊರತೆಯಿಲ್ಲ. 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಏರಿದ 'ಗಿರಿಪ್ರೇಮಿ' ತಂಡವೂ ಇದೇ ಊರಿನದು. ಹೀಗಾಗಿ ಮುಂದಿನ ಗುರಿ ಹಿಮಾಲಯದ 'ಟ್ರೆಕ್ಕಿಂಗ್ ಪೀಕ್' ಎಂದುಕೊಳ್ಳುವುದು ಸಹಜ. ಆದರೆ ಹೆಸರು ಕೇಳಿ ಇದು ಬರೀ ನಡಿಗೆ ಎಂದುಕೊಂಡರೆ ಅಪಾಯ ತಪ್ಪಿದ್ದಲ್ಲ.

ಯಾವ ಶಿಖರ?
ನೇಪಾಳದ ಮೇರಾ ಪೀಕ್ (6,476 ಮೀ.) ಎತ್ತರ ಹೆಚ್ಚಿದ್ದರೂ ಕಡಿದಾದ ಏರು ಕಡಿಮೆ. ಐಲ್ಯಾಂಡ್ ಪೀಕ್‌ನ ಕೊನೆಯ ಹಂತದಲ್ಲಿ ಕಡಿದಾದ ಹಿಮಗೋಡೆಯನ್ನು ಹಗ್ಗ ಹಿಡಿದೇ ಏರಬೇಕು. ಲಡಾಖ್‌ನಲ್ಲಿ ಕಾಂಗ್ ಯಾತ್ಸೆ-2 ಜನಪ್ರಿಯ. ಅಲ್ಲಿನ ಸ್ಟೋಕ್ ಕಾಂಗ್ರಿಯನ್ನು ಹಿಮನದಿ ಮತ್ತು ಊರಿನ ನೀರಿನ ಮೂಲ ಉಳಿಸಲು 2020ರಲ್ಲಿ ಮುಚ್ಚಲಾಯಿತು. ಆದ್ದರಿಂದ ಹಣ ಕಟ್ಟುವ ಮೊದಲು ಶಿಖರ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಯಾವಾಗ?
ನೇಪಾಳಕ್ಕೆ ಏಪ್ರಿಲ್-ಮೇ ಅಥವಾ ಅಕ್ಟೋಬರ್-ನವೆಂಬರ್ ಸೂಕ್ತ. ಲಡಾಖ್‌ಗೆ ಜುಲೈಯಿಂದ ಸೆಪ್ಟೆಂಬರ್. ನೇಪಾಳದ ಶಿಖರ ಪರವಾನಗಿ ಶುಲ್ಕ ಋತುವಿಗೆ ತಕ್ಕಂತೆ ಬದಲಾಗುತ್ತದೆ, ವಸಂತದಲ್ಲಿ ಹೆಚ್ಚು. ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು.

ಸಹ್ಯಾದ್ರಿ ಕಲಿಸದ ಪಾಠ
ಬೆನ್ನಿಗೆ ಭಾರ ಹೊತ್ತು ಸಿಂಹಗಡ ಹತ್ತಿ ಇಳಿದರೆ ಕಾಲಿಗೆ ಕಸುವು ಬರುತ್ತದೆ. ಆದರೆ ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್. 5,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ಅಲ್ಲಿ ಎಷ್ಟೇ ಗಟ್ಟಿಮುಟ್ಟಾದ ದೇಹವೂ ಹೊಂದಿಕೊಳ್ಳಲು ದಿನಗಳು ಬೇಕು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ವಿಮಾನದಲ್ಲಿ ನೇರ ಲೇಹ್‌ಗೆ (ಸುಮಾರು 3,500 ಮೀ.) ಇಳಿದವರು ಕನಿಷ್ಠ ಎರಡು ದಿನ ಅಲ್ಲೇ ಉಳಿಯಬೇಕು. ತಲೆನೋವು, ವಾಕರಿಕೆ ಇದ್ದರೆ ಮೇಲೇರಬೇಡಿ. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ ತಕ್ಷಣ ಕೆಳಗಿಳಿಯಲೇಬೇಕು. ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರ ಸಲಹೆ ಇಲ್ಲದೆ ನುಂಗಬೇಡಿ.

ಕಂಪನಿಗೆ ಕೇಳಬೇಕಾದ ಪ್ರಶ್ನೆಗಳು
* ಒಬ್ಬ ಗೈಡ್‌ಗೆ ಎಷ್ಟು ಮಂದಿ? ಅವರ ತರಬೇತಿ ಏನು?
* ಹವಾಮಾನ ಕೆಟ್ಟರೆ ಹೆಚ್ಚುವರಿ ದಿನ ಇದೆಯೇ?
* ಆಮ್ಲಜನಕ ಸಿಲಿಂಡರ್, ಸಂಪರ್ಕ ಸಾಧನ ಇದೆಯೇ?
* ಶಿಖರದ ದಿನ ಎಷ್ಟು ಗಂಟೆಗೆ ವಾಪಸ್ ತಿರುಗುತ್ತಾರೆ?

ವಿಮೆ ಮಾಡಿಸುವಾಗ 6,000 ಮೀಟರ್‌ಗೂ ಮೇಲಿನ ಆರೋಹಣ ಮತ್ತು ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ ಎಂದು ಷರತ್ತು ಓದಿ ನೋಡಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಇವು ಇರುವುದು ಅಪರೂಪ.

ಮೊದಲು ಕಲಿಕೆ
ಕ್ರಾಂಪಾನ್, ಐಸ್ ಆ್ಯಕ್ಸ್, ಜುಮಾರ್ ಬಳಕೆಯನ್ನು ಬೇಸ್ ಕ್ಯಾಂಪ್‌ನ ಅರ್ಧ ದಿನದಲ್ಲಿ ಕಲಿಯುವುದು ಸಾಲದು. ಸಮಯವಿದ್ದವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಅಥವಾ ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್ ಮಾಡುವುದು ಒಳಿತು.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ-2ರಲ್ಲಿ ಹಿಮಕುಸಿತಕ್ಕೆ ಸಿಲುಕಿ 25ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರು ತರಬೇತಿಯಲ್ಲಿದ್ದವರು, ಜೊತೆಗೆ ಅನುಭವಿ ಬೋಧಕರೂ ಇದ್ದರು. ಗೈಡ್ ಇದ್ದ ಮಾತ್ರಕ್ಕೆ ಪರ್ವತ ಪಳಗುವುದಿಲ್ಲ. ಗೈಡ್ 'ಇಂದು ಬೇಡ, ತಿರುಗಿ' ಎಂದರೆ ವಾದಿಸದೆ ಇಳಿಯುವ ಮನಸ್ಸನ್ನೂ ಮನೆಯಿಂದಲೇ ಕಟ್ಟಿಕೊಂಡು ಹೊರಡಿ.