ಚಿತ್ತ: ಒಡೆಯನ ಮನಸ್ಸು

ಬೈಲಹೊಂಗಲ ಕಡೆಯ ಕ್ರೈಸ್ತ ಮನೆಯೊಂದರಲ್ಲಿ ಹೆಣ್ಣು ನೋಡಲು ಬಂದವರು ಚಹಾ ಕುಡಿದು ಎದ್ದರೆನ್ನಿ. "ದೇವರ ಚಿತ್ತ ಇದ್ರ ಮುಂದಿನ ವಾರ ಬರ್ತೇವ್ರಿ." ಇದು ಒಪ್ಪಿಗೆಯೋ ನಯವಾದ ನಿರಾಕರಣೆಯೋ, ಹೆಣ್ಣಿನ ಕಡೆಯವರೇ ತಿಳಿದುಕೊಳ್ಳಬೇಕು. ಮಾತಿನ ಬೇರು ಬೈಬಲಿನ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದಲ್ಲಿದೆ: ನಾಳಿನ ಯೋಜನೆ ಹೇಳುವವರು ಮೊದಲು ಕರ್ತನ ಚಿತ್ತವನ್ನು ನೆನೆಯಬೇಕು.

ಸಂಸ್ಕೃತದ 'ಚಿತ್' ಎಂದರೆ ಗಮನಿಸು, ಅರಿ. ಚಿತ್ತ ಹುಟ್ಟಿದ್ದು ಅದರಿಂದ. ಪತಂಜಲಿಗೆ ಅದು ಹಿಡಿತಕ್ಕೆ ತರಬೇಕಾದ ಚಂಚಲ ವಸ್ತು. ಕನ್ನಡದ ಆಸ್ಥಾನದಲ್ಲಿ ಅದರ ಗತ್ತೇ ಬೇರೆ. ದೊರೆಗೆ 'ಚಿತ್ತೈಸು' ಎಂದರೆ ಲಾಲಿಸು, ದಯಮಾಡಿಸು. 'ತಮ್ಮ ಚಿತ್ತ' ಎಂದರೆ ತಾವು ಹೇಳಿದಂತೆ. ಬೈಬಲ್ ಅನುವಾದಕರು ಗ್ರೀಕಿನ 'ಥೆಲೇಮಾ'ಕ್ಕೆ ಈ ಒಡೆಯನ ಪದವನ್ನೇ ಹಿಡಿದದ್ದು ಜಾಣತನ. ಇಚ್ಛೆ ಯಾರಿಗಾದರೂ ಇರುತ್ತದೆ; ಚಿತ್ತ ಒಡೆಯನದು.

ಮನೆಯಲ್ಲಷ್ಟೇ ಅಲ್ಲ, ಚರ್ಚಿನಲ್ಲೂ ಈ ಮಾತು ಕೇಳುತ್ತದೆ. ಬೆಳಗಾವಿಗೆ ಲಂಡನ್ ಮಿಷನ್ 1820ರಲ್ಲಿ ಬಂತು. 20ನೇ ಶತಮಾನದ ಆರಂಭದಲ್ಲಿ ಆ ಕೆಲಸ ಮೆಥಡಿಸ್ಟರ ಕೈಸೇರಿತು. ಯಾವ ಪಾಸ್ಟರು ಯಾವ ಊರಿಗೆ ಎಂದು ಅಲ್ಲಿ ನಿರ್ಧರಿಸುವವರು ಬಿಷಪ್. ಕಿತ್ತೂರಿನಿಂದ ರಾಮದುರ್ಗಕ್ಕೆ ವರ್ಗವಾದವರು ಟ್ರಂಕು ಕಟ್ಟುತ್ತ ಅನ್ನುವುದೂ ಅದನ್ನೇ: ದೇವರ ಚಿತ್ತ.

ಆದರೆ ಚಿತ್ತವನ್ನು ತಿಳಿಯುವುದಕ್ಕೂ ಕ್ರಮವಿದೆ. ಉಪವಾಸ ಪ್ರಾರ್ಥನೆ, ವಾಕ್ಯದ ಓದು, ಸಭೆಯ ಹಿರಿಯರ ಸಲಹೆ. ಮೂರೂ ಒಂದೇ ದಿಕ್ಕು ತೋರಿಸಿದರೆ ಹೆಜ್ಜೆ ಇಡುತ್ತಾರೆ.

ಅಂದಹಾಗೆ, ಸವದತ್ತಿಯ ರೈತ ಕಾಯುವ 'ಚಿತ್ತಿ ಮಳಿ' ಈ ಚಿತ್ತದ್ದಲ್ಲ. ಅದು ಚಿತ್ರಾ ನಕ್ಷತ್ರದ್ದು, ಅಕ್ಟೋಬರದಲ್ಲಿ ಎರೆಹೊಲದ ಬಿಳಿಜೋಳ, ಕಡಲೆಗೆ ಹದ ಕೊಡುವಂಥದ್ದು.