ಬೆರಳು ಕೊಟ್ಟವರು

(ಬಾನುಲಿ ಭಾಷಣ)

ಹೆಬ್ಬಾಳವೆಂದರೆ ಇಂದಿನವರಿಗೆ ಮೇಲ್ಸೇತುವೆ, ವಾಹನಗಳ ಸಾಲು, ವಿಮಾನ ನಿಲ್ದಾಣಕ್ಕೆ ಹೊರಟವರ ಆತುರ. ಈ ಊರಿಗೆ ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ನೆನಪೊಂದಿದೆಯೆಂಬುದು ಗೊತ್ತಾದದ್ದು ತೀರ ಈಚೆಗೆ. 2018ರಲ್ಲಿ ಇಲ್ಲೊಂದು ವೀರಗಲ್ಲು ದೊರೆಯಿತು. ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು ಎಂದು ಬಲ್ಲವರು ನಿರ್ಣಯಿಸಿದ್ದಾರೆ. ಊರಳಿವಿನಲ್ಲಿ, ಎಂದರೆ ಊರಿನ ಮೇಲೆ ಬಿದ್ದವರೊಡನೆ ನಡೆದ ಕಾಳಗದಲ್ಲಿ, ಕಿಟ್ಟಯ್ಯನೆಂಬ ವೀರನು ಮಡಿದನೆಂದು ಆ ಕಲ್ಲು ಹೇಳುತ್ತದೆ. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್ ಎಂಬುದೂ ಅದರಿಂದ ತಿಳಿದುಬಂತು.

ಆ ಕಲ್ಲಿನ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಸುಳಿಯಿತು. ಊರಿಗಾಗಿ ಗಂಡಸು ಪ್ರಾಣ ಕೊಟ್ಟರೆ ಅವನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲುತ್ತದೆ. ಊರಿಗಾಗಿ, ಕುಲಕ್ಕಾಗಿ, ಮನೆಗಾಗಿ ಹೆಂಗಸು ಕೊಟ್ಟದ್ದು ಎಲ್ಲಿ ದಾಖಲಾಗಿದೆ? ಕಲ್ಲಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಕಥೆಯಲ್ಲಿ ಸಿಗುತ್ತದೆ. ಅಂಥ ಕಥೆಯೊಂದನ್ನು ನಾನು ಬಾಲ್ಯದಲ್ಲೇ ಕೇಳಿದ್ದೆ. ಆದರೆ ಅದನ್ನು ಹೇಳಿದವರು ಯಾರು, ಯಾವ ದನಿಯಲ್ಲಿ ಹೇಳಿದರು ಎಂಬುದರ ಅರ್ಥ ನನಗೆ ಹೊಳೆಯಲು ಅರ್ಧ ಆಯುಷ್ಯವೇ ಬೇಕಾಯಿತು.

ಹೆಬ್ಬಾಳದಿಂದಾಚೆ, ಯಲಹಂಕದ ದಾರಿಯಲ್ಲಿ ನಮ್ಮ ಹಳ್ಳಿ. ಆಗ ಸುತ್ತ ರಾಗಿಯ ಹೊಲಗಳು, ನಡುವೆ ಹೊಂಗೆಯ ಮರಗಳು. ಮನೆಯಲ್ಲಿ ನಮ್ಮ ತಾತನ ತಂಗಿ ಇದ್ದರು. ಎಲ್ಲರಿಗೂ ಅವರು ಅತ್ತೆಮ್ಮ. ಒಂದು ದಿನ ಪಕ್ಕದ ಕೇರಿಯ ಒಕ್ಕಲಿನ ಹೆಂಗಸೊಬ್ಬಳು ಅವರೆಕಾಯಿ ತಂದು ಜಗಲಿಯ ಮೇಲಿಟ್ಟು ಹೋದಳು. ಆಕೆ ಕಣ್ಮರೆಯಾದ ಮೇಲೆ ಅತ್ತೆಮ್ಮ ನನಗೆ ಹೇಳಿದರು: “ಅವರ ಪಂಗಡದಲ್ಲಿ ಹಿಂದೆ ಹೆಂಗಸರ ಬೆರಳು ಕತ್ತರಿಸುತ್ತಿದ್ದರಂತೆ ಕಣೋ. ಎಂಥ ಕಲ್ಲೆದೆಯ ಜನವೋ!” ನಾನು ನಡುಗಿಹೋದೆ. ಮುಂದೆ ಎಷ್ಟೋ ದಿನ ಆ ಕೇರಿಯ ಹುಡುಗರೊಡನೆ ಆಡುವಾಗಲೂ ಅವರ ತಾಯಂದಿರ ಕೈಯನ್ನೇ ಕದ್ದು ನೋಡುತ್ತಿದ್ದೆ. ಎಲ್ಲರ ಕೈಯಲ್ಲೂ ಹತ್ತು ಬೆರಳಿದ್ದವು. ಆದರೂ ಭಯ ಹೋಗಲಿಲ್ಲ.

ಆ ಮಾತನ್ನಾಡಿದ ಅತ್ತೆಮ್ಮ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಆ ಸೆರಗಿನ ಕೆಳಗೆ ಕೂದಲಿರಲಿಲ್ಲ. ಅರಿಯದ ವಯಸ್ಸಿನಲ್ಲಿ ಮದುವೆಯಾಗಿ, ಅರಿಯುವ ಮುನ್ನವೇ ಗಂಡನನ್ನು ಕಳೆದುಕೊಂಡವರು ಅವರು. ತಿಂಗಳಿಗೊಮ್ಮೆ ಕ್ಷೌರಿಕನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ. ಆ ಹೊತ್ತಿನಲ್ಲಿ ಮಕ್ಕಳು ಅತ್ತ ಹೋಗಬಾರದೆಂಬುದು ಮನೆಯ ಕಟ್ಟಳೆ. ಇದರಲ್ಲಿ ಕ್ರೌರ್ಯವಿದೆಯೆಂದು ನಮ್ಮಲ್ಲಿ ಯಾರಿಗೂ ತೋರಿರಲಿಲ್ಲ, ಅತ್ತೆಮ್ಮನಿಗೂ ಸಹ. ಅದು ಮಡಿ, ಅದು ಸಂಪ್ರದಾಯ. ಬಹಳ ವರ್ಷಗಳ ಮೇಲೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂದಾಗ ಅದನ್ನೋದಿ, ನಮ್ಮ ಹಿತ್ತಿಲ ಬಾಗಿಲಿನ ಆಚೆ ಏನು ನಡೆಯುತ್ತಿತ್ತೆಂದು ಮೊದಲ ಬಾರಿ ನೋಡಿದೆ. ಅವರೆಕಾಯಿ ತಂದ ಆ ತಾಯಿ ಕೂಡ ತನ್ನ ಮನೆಗೆ ಹೋಗಿ ಹೇಳಿಕೊಂಡಿರಬೇಕು: “ಹಾರುವರ ಮನೇಲಿ ಗಂಡ ಸತ್ತರೆ ಹೆಣ್ಣಿನ ತಲೆ ಬೋಳಿಸ್ತಾರಂತೆ. ಅದ್ಯಾವ ಧರ್ಮಾನೋ ತಾಯಿ!” ಆ ಮನೆಯ ಮಕ್ಕಳೂ ನಡುಗಿರಬೇಕು.

ಇನ್ನು ಬೆರಳಿನ ಕಥೆ. ಬೆಂಗಳೂರು, ಕೋಲಾರದ ಸೀಮೆಗೆ ಮೊರಸುನಾಡೆಂದು ಹೆಸರು. ಯಲಹಂಕದ ನಾಡಪ್ರಭುಗಳು ಈ ಮೊರಸು ಒಕ್ಕಲಿಗರ ಕುಲದವರೇ. ಇವರಲ್ಲಿ ಒಂದು ಒಳಪಂಗಡಕ್ಕೆ ‘ಬೆರಳು ಕೊಡುವವರು’ ಎಂಬ ಹೆಸರಿತ್ತು. ಒಂದೇ ಒಳಪಂಗಡಕ್ಕೆ ಎಂಬುದನ್ನು ಒತ್ತಿ ಹೇಳಬೇಕು. ಹಿರಿಯ ಮಗಳ ಕಿವಿ ಚುಚ್ಚಿಸಿ ಮದುವೆಯ ಮಾತಿಗೆ ಅಣಿಗೊಳಿಸುವ ಮೊದಲು ತಾಯಿಯಾದವಳು ತನ್ನ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳುಗಳನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ಊರಿನ ಕಮ್ಮಾರನು ಗೊತ್ತಾದ ಕೂಲಿ ಪಡೆದು ಉಳಿಯಿಂದ ಆ ಕೆಲಸ ಮಾಡುತ್ತಿದ್ದನು ಎಂದು ಮೈಸೂರು ಗ್ಯಾಸೆಟಿಯರಿನಲ್ಲಿ ಬಿ.ಎಲ್. ರೈಸ್ ಬರೆದಿದ್ದಾರೆ. ಯಾವ ಬೆರಳು, ಎಷ್ಟು ಗೆಣ್ಣು ಎಂಬುದರಲ್ಲಿ ಬರೆದವರೊಳಗೆ ಭೇದವಿದೆ. ಅಬೆ ದುಬಾಯ್ ಇದನ್ನೇ ಬೇರೆ ರೀತಿಯಲ್ಲಿ ವರ್ಣಿಸಿದ್ದಾನೆ. ಕರ್ನಲ್ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಇತಿಹಾಸದ ಮೊದಲ ಸಂಪುಟದಲ್ಲಿ, 1810ರಲ್ಲಿ, ಇದರ ಹಿಂದಿನ ಐತಿಹ್ಯವನ್ನೂ ದಾಖಲಿಸಿದ್ದಾನೆ. ಕೋಲಾರದ ಸೀತಿಬೆಟ್ಟದ ಭೈರವನ ಸನ್ನಿಧಿಗೆ ಸೇರಿದ ಐತಿಹ್ಯ ಅದು.

ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರವನ್ನು ಶಿವನಿಂದ ಪಡೆದ ರಕ್ಕಸನು, ವರ ಕೊಟ್ಟ ಶಿವನನ್ನೇ ಬೆನ್ನಟ್ಟಿದ. ಶಿವನು ಓಡಿಬಂದು ಹೊಲದ ಬಳಿ ಗಿಡಬಳ್ಳಿಗಳ ಮರೆಯಲ್ಲಿ ಅಡಗಿದ. ಅಲ್ಲಿ ಉಳುತ್ತಿದ್ದ ಒಕ್ಕಲಿಗನನ್ನು ರಕ್ಕಸ ಕೇಳಿದಾಗ, ಅವನು ಶಿವನಿಗೂ ಅಂಜಿದ, ರಕ್ಕಸನಿಗೂ ಅಂಜಿದ. ಬಾಯಲ್ಲಿ ಕಾಣೆನೆಂದ, ಕಿರುಬೆರಳಿನಿಂದ ಜಾಗ ತೋರಿದ. ಅಷ್ಟರಲ್ಲಿ ವಿಷ್ಣುವು ಮೋಹಿನಿಯಾಗಿ ಬಂದು, ರಕ್ಕಸನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿದ. ಹೊರಬಂದ ಶಿವನು ದ್ರೋಹ ಮಾಡಿದ ಬೆರಳನ್ನು ಕತ್ತರಿಸಲು ಹೊರಟ. ಆಗ ಗಂಡನಿಗೆ ಬುತ್ತಿ ಹೊತ್ತು ಬಂದ ಹೆಂಡತಿ ಕಾಲಿಗೆ ಬಿದ್ದಳು. ಇವನ ಬೆರಳು ಹೋದರೆ ಉಳುವವರಾರು, ಮಕ್ಕಳಿಗೆ ಅನ್ನವೆಲ್ಲಿ, ಇವನ ಒಂದು ಬೆರಳಿಗೆ ನನ್ನ ಎರಡು ಬೆರಳು ತೆಗೆದುಕೋ ಎಂದಳು. ಶಿವನು ಮೆಚ್ಚಿ ಒಪ್ಪಿದ. ಅಂದಿನಿಂದ ಅವಳ ಸಂತತಿಯ ಹೆಂಗಸರಿಗೆ ಅದೇ ಹರಕೆಯಾಯಿತು.

ಕಥೆ ಚೆನ್ನಾಗಿದೆ, ಹೆಂಡತಿಯ ಪ್ರೀತಿಯೂ ಸುಳ್ಳಲ್ಲ. ಆದರೆ ನಿಧಾನವಾಗಿ ನೋಡಿದರೆ ಮೂರು ಸಂಗತಿಗಳು ಕಾಣುತ್ತವೆ. ತಪ್ಪು ಗಂಡನದು, ತೆತ್ತವಳು ಹೆಂಡತಿ. ಒಂದು ಬೆರಳಿಗೆ ಎರಡು ಬೆರಳು ಸಮ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಗಂಡಸಿನ ಕೈ ದುಡಿಯುವ ಕೈ, ಹೆಂಗಸಿನ ಕೈಯಲ್ಲಿ ಎರಡು ಬೆರಳು ಹೋದರೂ ಬೇಸಾಯಕ್ಕೆ ಊನವಿಲ್ಲ ಎಂಬ ನಂಬಿಕೆ. ಮೊರಸುನಾಡಿನ ರಾಗಿಯ ಹೊಲವನ್ನು ಕಂಡವರಾರೂ ಇದನ್ನು ಒಪ್ಪಲಾರರು. ಅಕ್ಕಡಿ ಸಾಲಿನಲ್ಲಿ ಅವರೆ ತೊಗರಿಯ ಬೀಜ ಬಿಡುವ ಕೈ, ಕಳೆ ಕೀಳುವ ಕೈ, ತೆನೆ ಕೊಯ್ಯುವ ಕೈ, ಹಾಲು ಕರೆಯುವ ಕೈ, ಕೋಳಿ ಕೂಗುವ ಮುನ್ನ ರಾಗಿಕಲ್ಲಿನ ಗೂಟ ಹಿಡಿಯುವ ಕೈ ಯಾರದು? ಕಥೆಯೊಳಗಿನ ಆ ಬುತ್ತಿಯ ಹಿಟ್ಟನ್ನು ಬೀಸಿದ ಕೈಯೂ ಅವಳದೇ. ಕಥೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇದು ಕಥೆಯ ತಪ್ಪು ಮಾತ್ರವೆಂದು ನಗುವಂತಿಲ್ಲ. ಹೆಬ್ಬಾಳದಲ್ಲಿ ಬೇಸಾಯದ ಸಂಶೋಧನೆ ಮೊದಲಾದದ್ದು 1899ರಲ್ಲಿ. ಅದಕ್ಕೆ 30 ಎಕರೆ ನೆಲವನ್ನು ಕೊಟ್ಟವರು ರೀಜೆಂಟರಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. ಮುಂದೆ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದ ವೃಕ್ಷಕ್ಕೆ ನೀರೆರೆದದ್ದು ಒಬ್ಬ ಹೆಣ್ಣಿನ ಕೈ. ಆದರೂ 1971ರ ಜನಗಣತಿಯು ಪ್ರತಿಯೊಬ್ಬರ ಮುಖ್ಯ ಕಸುಬನ್ನು ಕೇಳಿದಾಗ, ಹೊಲ ಮನೆ ಎರಡರಲ್ಲೂ ದುಡಿಯುತ್ತಿದ್ದ ಎಷ್ಟೋ ಹೆಂಗಸರು ಬರಿಯ ಗೃಹಿಣಿಯರೆಂದು ದಾಖಲಾದರು. 1961ರ ಗಣತಿಗೆ ಹೋಲಿಸಿದರೆ ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣವೇ ಥಟ್ಟನೆ ಕುಸಿದಂತೆ ಕಂಡಿತು. ಕೈಗಳು ಅವೇ, ಕೆಲಸವೂ ಅದೇ. ಎಣಿಸುವ ರೀತಿ ಮಾತ್ರ ಬದಲಾಗಿತ್ತು.

ಈ ಪದ್ಧತಿಯನ್ನು ಕೆಂಪೇಗೌಡರೇ ನಿಲ್ಲಿಸಿದರೆಂಬ ಪ್ರತೀತಿಯೊಂದಿದೆ. ತಮ್ಮ ಕುಲದ ರೂಢಿಯನ್ನು ತಾವೇ ತಡೆದ ದೊರೆಯೆಂದು ನಾಡು ಅವರನ್ನು ಕೊಂಡಾಡುತ್ತದೆ. ಆದರೆ ಹದಿನಾರನೆಯ ಶತಮಾನದಲ್ಲಿ ನಿಂತಿತೆನ್ನುವುದನ್ನು ಹತ್ತೊಂಬತ್ತನೆಯ ಶತಮಾನದ ಮೊದಲಿನಲ್ಲಿ ವಿಲ್ಕ್ಸ್, ದುಬಾಯ್ ಬರೆದಿಡುತ್ತಾರೆ. ಆ ಬಳಿಕ ಸರ್ಕಾರವು ಮತ್ತೆ ನಿಷೇಧಿಸಬೇಕಾಯಿತು. ದೊರೆಯ ಅಪ್ಪಣೆ ರೂಢಿಯ ಹೊಸ್ತಿಲಲ್ಲಿ ಎಷ್ಟು ಸಲ ನಿಂತು ಹಿಂದಿರುಗಿತೋ! ಕಡೆಗೆ ಒಂದು ಉಪಾಯ ಹುಟ್ಟಿತು. ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕವಚವೊಂದನ್ನು ತೊಡಿಸಿ, ಬೆರಳಿಗೆ ಬದಲಾಗಿ ಆ ಕವಚವನ್ನೇ ಎಳೆದು ತೆಗೆಯುವುದು. ರೈಸರ ಕಾಲಕ್ಕೆ ಇದೇ ರೂಢಿಯಾಗಿತ್ತು. ದೇವರೂ ಒಪ್ಪಿದ, ಕುಲವೂ ಉಳಿಯಿತು, ಬೆರಳೂ ಉಳಿಯಿತು. ಕಲ್ಲೆದೆಯ ಜನವೆಂದು ಅತ್ತೆಮ್ಮ ಕರೆದವರು ಇಷ್ಟು ಜಾಣತನದಿಂದ, ಇಷ್ಟು ಮೃದುವಾಗಿ ತಮ್ಮ ಗಾಯವನ್ನು ತಾವೇ ಮಾಯಿಸಿಕೊಂಡಿದ್ದರು. ಅದಾದ ಎಷ್ಟೋ ಕಾಲದ ಮೇಲೂ ನಮ್ಮ ಹಿತ್ತಿಲಿಗೆ ಕ್ಷೌರಿಕ ಬರುತ್ತಲೇ ಇದ್ದ.

ಹೀಗೇಕಾಗುತ್ತದೆ? ಪರರ ಮನೆಯ ಗಾಯ ಕಣ್ಣಿಗೆ ಹೊಡೆಯುತ್ತದೆ, ನಮ್ಮ ಮನೆಯದು ಕಾಣುವುದೇ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಸ್ವರೂಪವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಒಬ್ಬನಲ್ಲಿ ಕಂಡದ್ದನ್ನು ಅವನ ಗುಂಪಿಗೆಲ್ಲ ಹೊರಿಸುವುದು ಮನಸ್ಸಿನ ಸುಲಭದ ದಾರಿಯೆಂದು ಅವನ ವಿವರಣೆ. ಹೆನ್ರಿ ತಾಜ್‌ಫೆಲ್ ಎಂಬಾತ 1970ರ ಸುಮಾರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲೆಯ ಹುಡುಗರನ್ನು ಕ್ಷುಲ್ಲಕ ಕಾರಣಕ್ಕೆ ಎರಡು ಗುಂಪು ಮಾಡಿದ. ಯಾರಿಗೆ ಯಾವ ಚಿತ್ರಕಾರನ ಚಿತ್ರ ಮೆಚ್ಚಿಗೆಯಾಯಿತು ಎಂಬಷ್ಟೇ ಕಾರಣ. ಹುಡುಗರು ಅಷ್ಟಕ್ಕೇ ‘ನಮ್ಮವರು’ ಎಂದು ಪಕ್ಷ ವಹಿಸಿ ಹಣ ಹಂಚಿದರು. ಚಿತ್ರದ ಮೆಚ್ಚಿಗೆಗೇ ಹೀಗಾದರೆ, ಹುಟ್ಟು, ಊಟ, ಮದುವೆಗಳಿಂದ ಕಟ್ಟಿದ ಗುಂಪುಗಳ ಮಾತೇನು?

ನನಗೆ ತೋರುವ ಒಂದು ಸಂಗತಿಯನ್ನು ಇದಕ್ಕೆ ಸೇರಿಸುತ್ತೇನೆ. ಗುಂಪಿಗೆ ಒಂದು ಗುರುತು ಬೇಕು. ನಾವು ಇಂಥವರು, ಅವರಂತಲ್ಲ ಎಂದು ತೋರಿಸುವ ಗುರುತು. ಆ ಗುರುತನ್ನು ಗುಂಪುಗಳು ಬಹುಮಟ್ಟಿಗೆ ತಮ್ಮ ಹೆಂಗಸರ ಮೈಮೇಲೆ ಬರೆಯುತ್ತವೆ: ಬೆರಳಿನಲ್ಲಿ, ತಲೆಯಲ್ಲಿ, ಉಡುವ ಸೀರೆಯ ಬಣ್ಣದಲ್ಲಿ. ಪರಗುಂಪು ಅದನ್ನೇ ಓದಿಕೊಂಡು ತೀರ್ಪು ಕೊಡುತ್ತದೆ. ದೂರದಿಂದ ಬಂದು ಬರೆದವರೂ ಇದಕ್ಕೆ ಹೊರತಲ್ಲ. ನಮ್ಮ ಸೀಮೆಯ ಹೆಂಗಸರ ಬೆರಳನ್ನು ಕಂಡು ಮರುಗಿದ ದುಬಾಯ್‌ಯ ಫ್ರಾನ್ಸಿನಲ್ಲಿ, ಹೆಂಡತಿಯು ಗಂಡನಿಗೆ ವಿಧೇಯಳಾಗಿರತಕ್ಕದ್ದೆಂದು 1804ರ ನೆಪೋಲಿಯನ್ ಸಂಹಿತೆಯೇ ವಿಧಿಸಿತ್ತು. ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತಾನೇ ಇಟ್ಟುಕೊಳ್ಳುವ ಪೂರ್ಣ ಅಧಿಕಾರ ಇಂಗ್ಲೆಂಡಿನಲ್ಲಿ ಬಂದದ್ದು 1882ರ ಕಾಯಿದೆಯಿಂದ. ಅವರವರ ಹಿತ್ತಿಲ ಬಾಗಿಲು ಅವರವರಿಗೆ ಮುಚ್ಚಿತ್ತು.

ಮತ್ತೊಂದು ಸಂಗತಿ. ಇಂಥ ಕಥೆಗಳಲ್ಲೆಲ್ಲ ಹೆಂಗಸು ತಾನೇ ಮುಂದೆ ಬರುತ್ತಾಳೆ. ಬೆಂಗಳೂರಿನ ಕೋಟೆಯ ಹೆಬ್ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡರ ಬಸುರಿ ಸೊಸೆ ತಾನಾಗಿ ಬಲಿಯಾದಳೆಂದು ಐತಿಹ್ಯ. ಕೋರಮಂಗಲದಲ್ಲಿ ಆಕೆಯ ಸ್ಮಾರಕವಿದೆ. ರೈತನ ಹೆಂಡತಿಯೂ ತಾನಾಗಿ ಬೆರಳು ಕೊಟ್ಟಳು. ಅತ್ತೆಮ್ಮನೂ ತಾನಾಗಿಯೇ ತಲೆಯೊಡ್ಡಿದರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಕೇಳಿ ಪಡೆದದ್ದನ್ನು ಕೊಡುಗೆಯೆಂದು ಕರೆದರೆ ಕೇಳಿದವರ ಭಾರ ಇಳಿಯುತ್ತದೆ.

ಇಷ್ಟು ಹೇಳಿ ನನ್ನ ಮಾತನ್ನು ನಾನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅವರು ದುಡಿದು ಕೊಂಡಿದ್ದ ಒಂದಿಷ್ಟು ನೆಲ ಹೆಬ್ಬಾಳದ ಮಗ್ಗುಲಲ್ಲಿತ್ತು. ಬಡಾವಣೆಗಳು ಏಳುತ್ತಿದ್ದ ಕಾಲ. ನೆಲಕ್ಕೆ ಬೆಲೆ ಬಂದಿತ್ತು. 1956ರ ಉತ್ತರಾಧಿಕಾರ ಕಾಯಿದೆಯಂತೆ ಅದರಲ್ಲಿ ನನಗೆಷ್ಟೋ ನನ್ನ ಅಕ್ಕನಿಗೂ ಅಷ್ಟೇ. ಪಿತ್ರಾರ್ಜಿತದಲ್ಲಿಯೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾಯಿದೆ ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು. ನಮ್ಮ ಪ್ರಕರಣಕ್ಕೆ ಅದರ ಅಗತ್ಯವೂ ಇರಲಿಲ್ಲ. ನಾನು ಹಕ್ಕು ಬಿಡುಗಡೆ ಪತ್ರ ಬರೆಸಿದೆ. “ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ” ಎಂಬ ಎಂದಿನ ಮಾತು ಅದರಲ್ಲಿತ್ತು. ಅಕ್ಕ ಬಂದಳು, ಸಹಿ ಹಾಕಿದಳು, ನೀಲಿ ಮಸಿಯಲ್ಲಿ ಹೆಬ್ಬೆರಳಿನ ಗುರುತು ಒತ್ತಿದಳು. ಅರಿಸಿನ ಕುಂಕುಮಕ್ಕೆಂದು ಒಂದು ಒಳ್ಳೆಯ ಸೀರೆ ಕೊಡಿಸಿದೆ. ಅಕ್ಕ ತಾನೇ ಮನಸ್ಸು ಮಾಡಿ ಬಿಟ್ಟುಕೊಟ್ಟಳು ಎಂದು ಬಂಧುಗಳಲ್ಲಿ ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದೆ.

ಕಿಟ್ಟಯ್ಯನ ಕಲ್ಲನ್ನು ನೋಡಿ ಬಂದ ಸಂಜೆ ಅಕ್ಕನ ಮನೆಗೆ ಹೋದೆ. ಬೆರಳಿನ ಕಥೆಯನ್ನೆತ್ತಿ, ಅತ್ತೆಮ್ಮನನ್ನು ನೆನೆದು, ಕಡೆಗೆ ಆ ಪತ್ರದ ಮಾತಿಗೆ ಬಂದೆ. ಅಂದು ನಿನಗೆ ಸಂತೋಷವಾಗಿತ್ತೇನೆ ಅಕ್ಕ ಎಂದು ಕೇಳಿದೆ.

ಅವಳು ಅವರೆಕಾಳು ಹಿಚುಕುತ್ತಿದ್ದಳು. ತಲೆಯೆತ್ತಲಿಲ್ಲ. “ಕೊಡ್ತೀಯಾ ಅಂತ ನೀನು ಕೇಳಿದ್ದೆಯೇನೋ? ಎಲ್ಲಿ ಸಹಿ ಹಾಕಬೇಕು ಅಂತ ತೋರಿಸಿದೆ, ಹಾಕಿದೆ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಸೀರೆ ಚೆನ್ನಾಗಿತ್ತು,” ಎಂದೂ ಹೇಳಿದಳು.

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ನೆಲದ ಮೇಲೆ ಇಂದು ಬೇರೆ ಯಾರದೋ ಮನೆಗಳಿವೆ. ಹಿಂದಕ್ಕೆ ಕೊಡಲು ನನ್ನಲ್ಲಿ ಹೊಲವಿಲ್ಲ. ಹಣದ ರೂಪದಲ್ಲಿ ಅವಳ ಪಾಲಿನ ಮಾತನ್ನು ಈಗ ಮೊದಲು ಮಾಡಿದ್ದೇನೆ. ಇದನ್ನು ದಾನವೆಂದು ಯಾರೂ ಕರೆಯಬಾರದೆಂದು ಮಕ್ಕಳಿಗೆ ಹೇಳಿದ್ದೇನೆ. ಬೆರಳು ಕೊಡುವವರ ವಂಶಸ್ಥರು ಕತ್ತರಿಸುವುದನ್ನು ಬಿಟ್ಟು ಕವಚ ತೆಗೆಯುವುದನ್ನು ಕಲಿತರು. ಆ ಕಲಿಕೆಯನ್ನು ಅವರ ಕೇರಿಯಿಂದ ನಮ್ಮ ಕೇರಿಗೆ ತರಲು ನನಗೆ ಇಷ್ಟು ಕಾಲ ಹಿಡಿಯಿತು.