ದ್ರಾಕ್ಷೇತೋಟದ ಕೂಲಿಯೂ ಕಲಬುರಗಿಯ ಅಳತೆಯೂ

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ಸಾಮ್ಯವನ್ನು ನಾವು ಕೃಪೆಯ ಬೋಧನೆಯೆಂದು ವಿವರಿಸುವುದು ವಾಡಿಕೆ. ಅದು ತಪ್ಪಲ್ಲ, ಆದರೆ ಸಂತೆಬೀದಿಯಲ್ಲಿ ಆಳುಗಳು ಕೆಲಸಕ್ಕಾಗಿ ಕಾದು ನಿಂತ ಆ ಕಥೆ ಮೊದಲು ಕೂಲಿಯ ಕಥೆ. ದುಡಿಮೆ ಸಮವಲ್ಲದಿರುವಾಗ ಸಂಬಳ ಸಮವಾಗಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಬರಸೀಮೆಯ ಚರಿತ್ರೆಯೂ ಎದುರಿಸಿದೆ.

1876–78ರ ಧಾತು ಈಶ್ವರ ಬರದಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕೆಂದನು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಅಷ್ಟರಿಂದ ದುಡಿಯುವ ದೇಹ ಉಳಿಯದೆಂದು ಪ್ರತಿಭಟಿಸಿದನು. ಹಸಿದವನ ದುಡಿಮೆಯನ್ನು ಅಳೆದು ಕೂಲಿ ಕೊಡುವುದೆಂದರೆ ಅವನ ಹಸಿವನ್ನೇ ಅಳೆದು ಶಿಕ್ಷಿಸಿದಂತೆ: ಬಲವಿಲ್ಲದ್ದರಿಂದ ಕೂಲಿ ಕಡಿಮೆ, ಕೂಲಿ ಕಡಿಮೆಯಾದ್ದರಿಂದ ಇನ್ನಷ್ಟು ಬಲಹೀನತೆ.

2005ರ ಉದ್ಯೋಗ ಖಾತ್ರಿ ಕಾಯಿದೆ 2006ರ ಫೆಬ್ರವರಿಯಲ್ಲಿ ಮೊದಲು ಜಾರಿಗೆ ಬಂದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ ಒಂದು. ಹುಮನಾಬಾದ್ ರಸ್ತೆಯ ಕಮಲಾಪುರವೂ ಆ ಜಿಲ್ಲೆಯದೇ. ಗಂಡಾಳಿಗೂ ಹೆಣ್ಣಾಳಿಗೂ ಒಂದೇ ದರವೆಂದು ಕಾಯಿದೆ ಹೇಳಿತು. 2024–25ರಲ್ಲಿ ಅದು ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ. ಆದರೆ ಪೂರ್ಣ ಕೂಲಿ ಸಿಗಬೇಕಾದರೆ ಅಗೆದ ಮಣ್ಣು ಅಳತೆಗೆ ತುಂಬಬೇಕು. ಗುಂಪಿನ ಕೆಲಸವನ್ನು ಒಟ್ಟಾಗಿ ಅಳೆದು ಹಂಚುವಲ್ಲಿ ಮುದುಕಿಯೊಬ್ಬಳ ಸಲಿಕೆ ನಿಧಾನವಾದರೆ ಎಲ್ಲರ ಕೂಲಿಯೂ ತಗ್ಗುತ್ತದೆ. ಅವಳನ್ನು ಗುಂಪಿಗೆ ಸೇರಿಸಿಕೊಳ್ಳಲು ಹಿಂಜರಿಯುವವರು ಕ್ರೂರರೇನಲ್ಲ, ಅವರೂ ಬಡವರೇ.

ಇಲ್ಲಿ ರಾಜ್ಯ ಮಾಡಿದ ಒಂದು ಏರ್ಪಾಟಿಗೆ ನಮ್ಮ ವ್ಯಾಖ್ಯಾನಕಾರರು ಗಮನಕೊಡಬೇಕು. ಅರವತ್ತು ದಾಟಿದವರಿಗೆ, ಅಂಗವಿಕಲರಿಗೆ, ಗರ್ಭಿಣಿ ಬಾಣಂತಿಯರಿಗೆ ಕೆಲಸದ ಪ್ರಮಾಣದಲ್ಲಿ ಅರ್ಧ ರಿಯಾಯಿತಿ. ಕೂಲಿ ಮಾತ್ರ ಪೂರ್ತಿ. ಅರ್ಧ ಅಳತೆಗೆ ಪೂರ್ಣ ಕೂಲಿ ಕೊಟ್ಟರೂ ಜೊತೆಯವರ ಪಾಲು ಕರಗುವುದಿಲ್ಲ, ಏಕೆಂದರೆ ಅದನ್ನು ತೆರುವುದು ಬೊಕ್ಕಸ. ಸಾಮ್ಯದ ಯಜಮಾನನೂ ಹಾಗೆಯೇ ಮಾಡಿದನು. ಕಡೆಯವರಿಗೆ ಕೊಟ್ಟದ್ದನ್ನು ಮೊದಲಿನವರ ಕೂಲಿಯಿಂದ ಮುರಿಯಲಿಲ್ಲ, ತನ್ನದರಿಂದ ಕೊಟ್ಟನು. ಬಿಸಿಲಿನಲ್ಲಿ ಬೆಂದವರಿಗೆ ಮಾತಾದ ಕೂಲಿ ಪೂರ್ತಿ ಸಂದಿತು.

ಕೆಲಸ ಮಾಡಲೊಲ್ಲದವನು ಊಟಮಾಡಬಾರದೆಂಬ ಪೌಲನ ಮಾತನ್ನು (2 ಥೆಸಲೋನಿಕ 3:10) ಇದಕ್ಕೆ ಎದುರು ಹಿಡಿಯುವುದುಂಟು. ಆ ಮಾತು ಒಲ್ಲದವನನ್ನು ಕುರಿತದ್ದು, ಆರದವನನ್ನಲ್ಲ. ಸಂಜೆಯವರೆಗೆ ನಿಂತವರೂ ಸೋಮಾರಿಗಳಾಗಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಹಾಗೆಂದು ಬೇಕೆಂದೇ ಕೈಕಟ್ಟಿ ಕುಳಿತವನಿಗೂ ಸಮಪಾಲು ಎಂಬ ವಾದಕ್ಕೆ ಈ ಸಾಮ್ಯದಲ್ಲಿ ಆಧಾರ ನನಗೆ ಕಾಣದು.

ಗುಂಪಿನ ಲೆಕ್ಕವಿಡುವ ಮೇಟಿಗೆ ಕರ್ನಾಟಕ ಇಟ್ಟ ಹೆಸರು ‘ಕಾಯಕ ಬಂಧು’. ಹೆಸರು ಕಲ್ಯಾಣದ ಶರಣರನ್ನು ನೆನಪಿಸುತ್ತದೆ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನನ್ನೂ. ಅರ್ಧ ಅಳತೆಯ ಹಕ್ಕು ಮುದುಕಿಗೆ ತಲುಪುವುದೂ ತಪ್ಪುವುದೂ ಆ ಬಂಧು ಹಾಜರಿಪಟ್ಟಿಯಲ್ಲಿ ಅವಳನ್ನು ಹೇಗೆ ಬರೆಯುತ್ತಾನೆ ಎಂಬುದರಿಂದಲೇ.